ಚಳಿಗಾಲದ ದಪ್ಪ ಮೆಣಸಿನಕಾಯಿ ಸಸಿ ನಮ್ಮ ಬಚ್ಚಲ ಗೋಡೆ ಬಿಸಿಯಲ್ಲೇ ಆಯ್ತು

ಹೋದ ಚಳಿಗಾಲ ಮನೆಯಲ್ಲೇ ದಪ್ಪ ಮೆಣಸಿನಕಾಯಿ ಸಸಿ ಮಾಡಿದೆ. 100ಕ್ಕೆ 80ಕ್ಕಿಂತ ಜಾಸ್ತಿ ಮೊಳೆತವು. ನಮ್ಮ ಚಿಂತಾಮಣಿ ಕಡೆ ಯಾರನ್ನು ಕೇಳಿದರೂ ಆಗಲ್ಲ ಅಂದಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

"ಡಿಸೆಂಬರ್‌ನಲ್ಲಿ ಮೆಣಸಿನ ಬೀಜ ಏಳಲ್ಲ ಕಣಮ್ಮ, ಸುಮ್ನೆ ಕಾಸು ಹಾಳು. ನರ್ಸರಿಯಲ್ಲಿ ತಗೊಂಡುಬಿಡು" ಎಂದರು ಚಿಕ್ಕಪ್ಪ. ಟೊಮೆಟೊ ಬೆಳೆದು ಕೋಲಾರದ ಮಂಡಿಗೆ ಹಾಕಿ ಪಳಗಿದ ಕೈ ಅವರದು, ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ನಮ್ಮ ಸುತ್ತಮುತ್ತ ನರ್ಸರಿಯಲ್ಲಿ ಕೊಡುವುದು ಟ್ರೇ (ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಲೆಕ್ಕದಲ್ಲಿ. ಹಿತ್ತಲಿಗೆ ಇಪ್ಪತ್ತು ಗಿಡ ಬೇಕು ಅಂದರೆ ಉಳಿದ ಸಸಿ ಕಿತ್ತು ಕೊಡುತ್ತಾರೆ. ಅವು ಬಲಿತಿರುತ್ತವೆ, ಬೇರು ಗುಳಿಯೊಳಗೇ ಸುತ್ತಿಕೊಂಡಿರುತ್ತೆ. ನೆಟ್ಟ ಮೇಲೆ ಹದಿನೈದು ದಿನ ಅಲ್ಲಾಡದೆ ನಿಲ್ಲುತ್ತವೆ. ನನಗೆ ಅದು ಸಾಕಾಗಿತ್ತು.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ, ಬೀಜದ ದುಡ್ಡು ಹೋಗಿದ್ದು ಅಲ್ಲೇ. ತಿಪಟೂರಿನ ನೆಂಟರು ಒಂದು ಮೂಟೆ ತೆಂಗಿನ ನಾರಿನ ಪುಡಿ ತಂದುಕೊಟ್ಟರು. ಪುಕ್ಕಟೆ ಬಂತಲ್ಲ ಅಂತ ಖುಷಿ. ಹಸಿ ಪುಡಿ ಅದು, ಕೊಳೆಸಿದ್ದಲ್ಲ. ಬೀಜ ಮೊಳೆತವು, ಎರಡೆಲೆಯಲ್ಲೇ ಹಳದಿಯಾಗಿ ನಿಂತವು. ಎಷ್ಟು ತೊಳೆದರೂ ಕಂದು ನೀರು ಬರುತ್ತಲೇ ಇತ್ತು. ಆಮೇಲೆ ಒತ್ತಿ ಮಾಡಿದ ನಾರಿನ ಪುಡಿಯ (ಕೋಕೋಪೀಟ್) 5 ಕೆಜಿ ಇಟ್ಟಿಗೆ ತಂದೆ, ಇನ್ನೂರರ ಒಳಗೇ ಸಿಕ್ಕಿತು. ನೆನೆಸಿದರೆ 98 ಗುಳಿಯ ಟ್ರೇ 25ರ ಆಸುಪಾಸು ತುಂಬುತ್ತೆ. ಈಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ (ಕೊಳೆಸಿದ ಪುಡಿ) ಸಿಕ್ಕರೆ ಅದನ್ನೇ ತರುತ್ತೇನೆ. ಬೆಲೆ ಸ್ವಲ್ಪ ಜಾಸ್ತಿ, ತೊಳೆಯುವ ರಗಳೆ ಇಲ್ಲ.

ಎರಡನೇ ಹೊಡೆತ ನೀರಿನದು. ನಮ್ಮ ಬೋರ್‌ವೆಲ್ ನೀರು ನಿಮಗೂ ಗೊತ್ತು, ಕೊಡದ ಕಂಠಕ್ಕೆ ಬಿಳಿ ಪೊರೆ ಕಟ್ಟುತ್ತೆ. ಟ್ರೇ ಅಂಚಿಗೂ ಹಾಗೇ ಕಟ್ಟಿತು, ಎಲೆ ತುದಿ ಸುಟ್ಟವು. ಅಕ್ಟೋಬರ್‌ನಲ್ಲಿ ಮಾಳಿಗೆಯಿಂದ ಬಿದ್ದ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟೆ. ಎರಡು ಡ್ರಮ್ ಇದ್ದರೆ ಸಸಿ ಕಾಲ ಪೂರ್ತಿ ಸಾಕು. ಇಷ್ಟೊಂದು ವ್ಯತ್ಯಾಸ ಆಗುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇನ್ನು ಶಾಖದ ವಿಷಯ. ಟೊಮೆಟೊ ಹೇಗೋ ಏಳುತ್ತೆ. ದಪ್ಪ ಮೆಣಸಿನಕಾಯಿ ಬೀಜಕ್ಕೆ 25ರಿಂದ 30 ಡಿಗ್ರಿ ಬೇಕು. ನಮ್ಮಲ್ಲಿ ಜನವರಿ ರಾತ್ರಿ 15ಕ್ಕೆ ಇಳಿಯುತ್ತೆ, ಅದಕ್ಕಿಂತ ಕೆಳಗೆ ಹೋಗುವ ದಿನವೂ ಉಂಟು. ಒಂದು ಬೀಜಕ್ಕೆ ರೂಪಾಯಿಗಿಂತ ಜಾಸ್ತಿ ಕೊಟ್ಟು ತಂದು, ತಣ್ಣಗೆ ಕೊಳೆಯೋಕೆ ಬಿಡೋಕಾಗುತ್ತಾ? ಬಲ್ಬ್ ಹಾಕಿ ನೋಡಿದೆ, ಮೇಲಿನ ಟ್ರೇ ಒಣಗಿತು, ಕೆಳಗಿನದು ತಣ್ಣಗೇ ಉಳಿಯಿತು. ಕರೆಂಟ್ ಹೋದರೆ ಅದೂ ಇಲ್ಲ.

ನಮ್ಮದು ಹಳೇ ಮನೆ, ಬಚ್ಚಲಲ್ಲಿ ಸೌದೆ ಒಲೆಯ ಹಂಡೆ ಇದೆ. ಬೆಳಗ್ಗೆ ಸಂಜೆ ಎರಡು ಹೊತ್ತೂ ಉರಿ ಹಾಕುತ್ತೇವೆ. ಅದರ ಹಿಂದಿನ ಗೋಡೆ ರಾತ್ರಿಯೆಲ್ಲ ಬೆಚ್ಚಗಿರುತ್ತೆ. ಥರ್ಮಾಮೀಟರ್ ತೂಗುಹಾಕಿ ನೋಡಿದೆ, 26, 27, ಒಮ್ಮೊಮ್ಮೆ 28. ಗೋಡೆ ಆಚೆ ಬದಿಯ ಉಗ್ರಾಣದಲ್ಲಿ ಮಣೆ ಇಟ್ಟು, ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಗೋಣಿಚೀಲ ಹೊದಿಸಿದೆ. ಬೆಳಕು ಬೇಡ, ನೀರೂ ಬೇಡ. ಪೇರಿಸುವಾಗ ಮೇಲೊಂದು ಖಾಲಿ ಟ್ರೇ ಕವುಚಿ ಹಾಕಿ, ಇರುವೆಗೆ ಮಣೆ ಕಾಲಿನ ಸುತ್ತ ಅರಿಶಿನ ಉದುರಿಸಿ.

ಒಂದು ವಾರ ಕಳೆದ ಮೇಲೆ ದಿನಕ್ಕೆರಡು ಸಲ ಬಿಚ್ಚಿ ನೋಡಲೇಬೇಕು. ಮೊದಲು ಕಾಣುವುದು ಬಿಳಿ ಕೊಂಡಿ. ಕತ್ತು ಬಗ್ಗಿಸಿಕೊಂಡೇ ಮೇಲೆ ಬರುತ್ತೆ. ಟ್ರೇಯಲ್ಲಿ ನಾಲ್ಕೈದು ಕೊಂಡಿ ಕಂಡ ತಕ್ಷಣ ಬಿಡಿಸಿ ಬೆಳಕಿಗೆ ಹಾಕಿ. ನಾಳೆ ನೋಡೋಣ ಅಂದರೆ ದಂಟು ಎರಡಿಂಚು ಉದ್ದ, ದಾರದಂತೆ ತೆಳ್ಳಗೆ ಆಗಿರುತ್ತೆ, ಅದನ್ನು ಮತ್ತೆ ದಪ್ಪ ಮಾಡೋಕಾಗಲ್ಲ. ಕೆಲವಕ್ಕೆ ಬೀಜದ ಸಿಪ್ಪೆ ಎಲೆ ತುದಿಗೇ ಕಚ್ಚಿಕೊಂಡಿರುತ್ತೆ. ಎಳೆಯಬೇಡಿ, ಎಲೆ ಸಮೇತ ಬರುತ್ತೆ. ಸಂಜೆ ಬೆರಳಲ್ಲಿ ಒಂದು ಹನಿ ನೀರು ಮುಟ್ಟಿಸಿ ಬಿಡಿ. ಬೆಳಗ್ಗೆ ನೋಡಿದರೆ ಎಲೆ ತಾನೇ ಬಿಡಿಸಿಕೊಂಡಿರುತ್ತೆ.

ಬುಡ ಕೊಳೆಯುವ ರೋಗ ಒಂದು ವರ್ಷ ಅರ್ಧ ಟ್ರೇಗಳನ್ನು ತಿಂದಿತ್ತು. ಈ ಸಲ ಕೋಕೋಪೀಟ್‌ಗೇ ಟ್ರೈಕೋಡರ್ಮ (ರೋಗದ ಬೂಷ್ಟನ್ನು ತಡೆಯುವ ಒಳ್ಳೆ ಶಿಲೀಂಧ್ರ) ಬೆರೆಸಿ ವಾರ ಬಿಟ್ಟು ಬಿತ್ತಿದೆ. ನೀರು ಬೆಳಗ್ಗೆ ಮಾತ್ರ. ಸಂಜೆ ಮೇಲ್ಪದರ ಒಣಗಿರಬೇಕು. ಜೊತೆಗೆ ಬಿತ್ತುವ ಮುಂಚೆ ಬೀಜ ನೆನೆಸಲು ಒಂದು ಕಷಾಯ ಮಾಡುತ್ತೇನೆ. ಅದರ ಅಳತೆ ಇನ್ನೊಂದು ಚಳಿಗಾಲ ನೋಡಿಕೊಂಡು ಹೇಳುತ್ತೇನೆ, ಈಗ ಬೇಡ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು), ಎರಡು ವಾರದ ನಂತರ ಲೀಟರಿಗೆ 2 ಗ್ರಾಂ ಮೀರದಂತೆ. ಸಸಿಗೆ ಹೊದಿಸುವ ಬಲೆ 40 ಮೆಶ್‌ನದೇ (ಇಂಚಿಗೆ 40 ಕಣ್ಣು) ಬೇಕು, ಸೊಳ್ಳೆ ಪರದೆಯಲ್ಲಿ ಬಿಳಿನೊಣ ಸಲೀಸಾಗಿ ನುಗ್ಗುತ್ತೆ. ಟೊಮೆಟೊಗೆ ಎಲೆ ಮುದುಡು ರೋಗ ತರುವುದು ಅದೇ.

ಖರ್ಚು ಹೇಳಿಬಿಡುತ್ತೇನೆ. ಟ್ರೇ, ಕೋಕೋಪೀಟ್, ಬಲೆ, ಪೈಪು ಎಲ್ಲ ಸೇರಿ ಎರಡು ಸಾವಿರ ದಾಟಿತು. ಟ್ರೇ ಮೂರು ನಾಲ್ಕು ಸಲ ಬರುತ್ತೆ, ಬಲೆ ವರ್ಷಗಟ್ಟಲೆ. ಸಸಿಯೊಂದಕ್ಕೆ ಬೀಜ ಸೇರಿ ಎರಡು ರೂಪಾಯಿ ಹತ್ತಿರ ಬಿತ್ತು. ನರ್ಸರಿಗಿಂತ ಅಗ್ಗ ಅನ್ನಲಾರೆ. ಆದರೆ ಬೇರು ನೋಡಿ! ಸಸಿ ಎಳೆದರೆ ಗುಳಿಯ ಆಕಾರದಲ್ಲೇ ಬಿಳಿ ಬೇರಿನ ಉಂಡೆ ಬಂತು. ಚಿಕ್ಕಪ್ಪ ಒಂದನ್ನು ಅಂಗೈಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, ಎರಡು ಟ್ರೇ ನನಗೂ ಹಾಕಮ್ಮ ಎಂದರು. ನನಗೆ ಅದಕ್ಕಿಂತ ಸರ್ಟಿಫಿಕೇಟ್ ಬೇಡ.

ಅದೇ ಬಿಸಿ ಗೋಡೆಯಲ್ಲಿ ಬೇರೆಯದನ್ನೂ ನೋಡಿದೆ. ಪರಂಗಿ ಬೀಜವನ್ನು ಬೂದಿಯಲ್ಲಿ ಉಜ್ಜಿ ಮೇಲಿನ ಲೋಳೆ ತೆಗೆದು ಹಾಕಿದ್ದು ಚೆನ್ನಾಗಿ ಎದ್ದಿತು, ಲೋಳೆ ಸಮೇತ ಹಾಕಿದ್ದು ಅಲ್ಲೊಂದು ಇಲ್ಲೊಂದು. ಹಾಗಲ ಬೀಜದ ತುದಿಯನ್ನು ಉಗುರು ಕತ್ತರಿಯಲ್ಲಿ ಒಂಚೂರು ಕತ್ತರಿಸಿ ರಾತ್ರಿ ನೆನೆಸಿ, ಬೇಗ ಬರುತ್ತೆ. ದೇವರ ಹಾರದ ಚೆಂಡು ಹೂವಿನ ಬೀಜವೂ ಎದ್ದಿತು, ಹೂ ಮಾತ್ರ ಚಿಕ್ಕದು, ಬಣ್ಣ ಒಂದೊಂದಕ್ಕೆ ಒಂದೊಂದು. ಹೈಬ್ರಿಡ್ ಬೀಜ ಎತ್ತಿಟ್ಟರೆ ಹಾಗೇ ಅಲ್ವಾ. ಅರ್ಕಾ ರಕ್ಷಕ್ ಟೊಮೆಟೊವೂ ಹೈಬ್ರಿಡ್ಡೇ, ಅದರ ಬೀಜವನ್ನೂ ಹಣ್ಣಿನಿಂದ ತೆಗೆದಿಡಬೇಡಿ, ಪ್ರತಿ ಸಲ ಹೊಸ ಪ್ಯಾಕೆಟ್ಟೇ ತನ್ನಿ.

ಪ್ಯಾಕೆಟ್‌ನಲ್ಲಿ ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಟೊಮೆಟೊ ಮೂರು ವರ್ಷ ಸುಮಾರಾಗಿ ಮೊಳೆಯುತ್ತೆ, ಈರುಳ್ಳಿಯನ್ನು ಮಾತ್ರ ಮುಂದಿನ ವರ್ಷಕ್ಕೆ ನಂಬಬೇಡಿ. ಹೊರಗೆ ನೆಡುವ ಮುಂಚೆ ಒಂದು ವಾರ ನೀರು ಕಡಿಮೆ ಮಾಡಿ, ಬೆಳಗಿನ ಬಿಸಿಲಿಗೆ ಸ್ವಲ್ಪ ಸ್ವಲ್ಪ ಹೊತ್ತು ಒಡ್ಡಿ, ಆಮೇಲೆ ಸಂಜೆ ಹೊತ್ತು ನೆಡಿ.