ಮಗಳ ಸೀನಿಯರ್ ಫೋಟೋ, ಗದ್ದದ ಮಚ್ಚೆ ಸಮೇತ

ಸ್ಟುಡಿಯೋದವರು ಕಳಿಸಿದ ಫೋಟೋ ನೋಡಿ ಮಗಳು ಕೇಳಿದ ಮೊದಲ ಮಾತು, "ಅಪ್ಪಾ, ನನ್ನ ಮಚ್ಚೆ ಎಲ್ಲಿ?" ಗದ್ದದ ಎಡಕ್ಕೆ ಸಾಸಿವೆ ಕಾಳಿನಷ್ಟು ಮಚ್ಚೆ ಇದೆ ಅವಳಿಗೆ. ಅದನ್ನು ಒರೆಸಿಹಾಕಿದ್ದರು. ಮೈಬಣ್ಣಕ್ಕೂ ಒಂದು ಕೈ ಸುಣ್ಣ ಬಳಿದ ಹಾಗಿತ್ತು. ಫಾರ್ಮಿನಲ್ಲಿ 'ರಿಟಚಿಂಗ್', ಅಂದರೆ ಫೋಟೋ ತಿದ್ದುವುದು, ಅಂತ ಇದ್ದ ಕಡೆ ಟಿಕ್ ಹಾಕಿದ್ದವನು ನಾನೇ.

ನಾವಿರುವುದು ಟೆಕ್ಸಸ್‌ನ ಆಸ್ಟಿನ್ ಹತ್ತಿರ. ಹನ್ನೆರಡನೇ ಕ್ಲಾಸಿನವರನ್ನು ಇಲ್ಲಿ ಸೀನಿಯರ್ ಅನ್ನುತ್ತಾರೆ. ಮಗಳ ಶಾಲೆಯಲ್ಲಿ ಇಯರ್‌ಬುಕ್ಕಿನ (ಆ ವರ್ಷದ ಮಕ್ಕಳ ಫೋಟೋ ಇರುವ ಶಾಲೆಯ ಪುಸ್ತಕ) ಫೋಟೋವನ್ನು ಶಾಲೆ ಗೊತ್ತುಮಾಡಿದ ಸ್ಟುಡಿಯೋದಲ್ಲೇ ತೆಗೆಸಬೇಕು. ಹುಡುಗರಿಗೆ ಟಕ್ಸೀಡೊ, ಹುಡುಗಿಯರಿಗೆ ಭುಜದಿಂದ ಇಳಿಬಿಟ್ಟ ಕಪ್ಪು ಹೊದಿಕೆ, ಡ್ರೇಪ್. ಡ್ರೇಪ್ ಎಂಬುದೆಲ್ಲ ಎದೆಮಟ್ಟದವರೆಗೆ, ಕೆಳಗೆ ಅವಳದೇ ಹರಿದ ಜೀನ್ಸು! ನಮ್ಮ ಕಾಲಕ್ಕೆ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಒಂದೇ: ನಡುವೆ ಹೆಡ್‌ಮಾಸ್ತರು, ಮುಂದೆ ನೆಲಕ್ಕೆ ಕೂತವನ ಕೈಯಲ್ಲಿ ಸ್ಲೇಟು. ಇಲ್ಲಿ ಇಯರ್‌ಬುಕ್ಕಿನದು ಮುಗಿದ ಮೇಲೆ ಹೊರಗಡೆ, ತಮಗಿಷ್ಟವಾದ ಬಟ್ಟೆಯಲ್ಲಿ ಇನ್ನೊಂದು ಸುತ್ತು ತೆಗೆಸುತ್ತಾರೆ. ಅದಕ್ಕೆ ಫೋಟೋಗ್ರಾಫರು ಕೇಳುವುದು ನೂರಾರು ಡಾಲರ್. ಆ ಸುತ್ತು ನಾನೇ ತೆಗೆಯುತ್ತೇನೆ ಅಂದೆ. ಮಗಳ ಷರತ್ತು ಒಂದೇ, ಮಚ್ಚೆ ಇರಬೇಕು.

ಬಟ್ಟೆ ಅವಳೇ ಆರಿಸಿದಳು. ನಮ್ಮವ್ವ ಕೊಟ್ಟಿದ್ದ ಇಳಕಲ್ ಸೀರೆ, ಕಡುನೀಲಿ ಒಡಲು, ಇಳಕಲ್ಲಿನದೇ ನೇಯ್ಗೆಯ ಕೆಂಪು ಟೋಪ್ ತೆನಿ ಸೆರಗು. ಚೆಂದವೇನೋ ಹೌದು, ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಸೆರಗೇ.

ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ 7:20ರ ಆಸುಪಾಸು. 6:15ಕ್ಕೆಲ್ಲ ಪಾರ್ಕಿನಲ್ಲಿದ್ದೆವು. ಮೊದಲು ಹುಲ್ಲಿನ ಮೇಲೆ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದೆ. ತೆಗೆದು ನೋಡಿದರೆ ಕಣ್ಣು ಕಿರಿದು, ಕತ್ತಿನಡಿ ಹುಲ್ಲಿನ ಹಸಿರು ಛಾಯೆ. ಭುಜದ ಮೇಲಿನ ಸೆರಗಿಗೆ ಬಿಸಿಲು ಬಡಿದು ಗದ್ದವೆಲ್ಲ ಕೆಂಪು. ಆ ಕೆಂಪಿನಲ್ಲಿ ಮಚ್ಚೆ ಮತ್ತೆ ಮಾಯ! ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ನಾನು ಬಿಸಿಲಿನಲ್ಲೇ ಮಾಡಿದ್ದೆ.

ಜಾಗ ಬದಲಿಸಿದೆ. ಪಕ್ಕದಲ್ಲೇ ಸುಣ್ಣಕಲ್ಲಿನ ಕಾಲುದಾರಿ ಇತ್ತು, ಆಸ್ಟಿನ್ ಸುತ್ತ ಎಲ್ಲಿ ನೋಡಿದರೂ ಅದೇ ಬಿಳಿಗಲ್ಲು. ಹುಲ್ಲಿನ ಹಾಗೆ ಅದು ಮುಖಕ್ಕೆ ಬಣ್ಣ ಬಳಿಯುವುದಿಲ್ಲ, ಬೆಳಕನ್ನಷ್ಟೇ ಮೇಲಕ್ಕೆ ಎಸೆಯುತ್ತದೆ. ಸೂರ್ಯನನ್ನು ಅವಳ ಬೆನ್ನಿಗೆ ಹಾಕಿದೆ, ಸೆರಗು ನೆರಳಿಗೆ ಬಂತು. ಮುಖಕ್ಕೆ ಬೆಳಕು ಮರಳಿ ಬೀಳಲೆಂದು ಬಲಗಡೆ ಒಂದು ಬಿಳಿ ಫೋಮ್ ಬೋರ್ಡನ್ನು ಹೆಂಡತಿ ಹಿಡಿದಳು. ಕ್ಯಾಮೆರಾವನ್ನು ಆಟೋಗೆ ಬಿಟ್ಟರೆ ಹಿಂದಿನ ಆಕಾಶ ನೋಡಿ ಮುಖ ಕಪ್ಪು ಮಾಡುತ್ತದೆ. ಹಾಗಾಗಿ ಕ್ಯಾಮೆರಾದ ಸ್ಪಾಟ್ ಮೀಟರಿನಲ್ಲಿ ಕೆನ್ನೆಯ ಬೆಳಕನ್ನಷ್ಟೇ ಅಳೆದು, ಮ್ಯಾನುವಲ್‌ಗೆ ಹಾಕಿ ಎಲ್ಲ ನಾನೇ ಗೊತ್ತುಮಾಡಿಕೊಂಡೆ: 85 ಎಂಎಂ ಲೆನ್ಸ್, ಎಫ್ 2.8, 1/250, ಐಎಸ್‌ಓ 200. ಲೆನ್ಸಿನ ಕಿಂಡಿ ಇನ್ನೂ ಅಗಲಿಸಿ ಎಫ್ 1.8ರಲ್ಲೂ ನಾಲ್ಕು ತೆಗೆದಿದ್ದೆ, ಅಲ್ಲಿ ಫೋಕಸ್ ತೀರಾ ತೆಳು. ನಾಲ್ಕರಲ್ಲೂ ಮೂಗುತಿ ಲಕಲಕ, ಕಣ್ಣು ಮಸುಕು. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು 5600ರಿಂದ ಕದಲಿಸಲಿಲ್ಲ, ಇಲ್ಲದಿದ್ದರೆ ಒಂದೊಂದು ಫೋಟೋದಲ್ಲಿ ಒಂದೊಂದು ಮೈಬಣ್ಣ.

ಬೆಳಕು ಸರಿಯಾಗಿ ಕೂತ ಹೊತ್ತಿಗೆ ಮಗಳು ಕಿಟಾರನೆ ಕಿರುಚಿದಳು. ಬರಿಗಾಲಲ್ಲಿ ಕೆಂಪಿರುವೆಯ ಗೂಡಿನ ಅಂಚು ಮೆಟ್ಟಿದ್ದಳು. ಫೈರ್ ಆ್ಯಂಟ್ ಅನ್ನುತ್ತಾರೆ ಇಲ್ಲಿ, ಕಚ್ಚಿದ ಕಡೆ ಮರುದಿನಕ್ಕೆ ಕೀವುಗುಳ್ಳೆ ಏಳುತ್ತದೆ. ಟೆಕ್ಸಸ್‌ನಲ್ಲಿ ಹುಲ್ಲಿನ ಬಳಿ ಫೋಟೋ ತೆಗೆಯುವವರು ಮೊದಲು ನೆಲ ನೋಡಬೇಕು, ಆಮೇಲೆ ಆಕಾಶ. ನೀರು ಸುರಿದು, ಒರೆಸಿ, ಶೂ ಹಾಕಿಕೊಂಡು ಸೀರೆಯನ್ನು ಗೇಣುದ್ದ ಎತ್ತಿ ಸಿಕ್ಕಿಸಿಕೊಂಡಳು. "ಬೇಗ ತೆಗಿ ಅಪ್ಪಾ" ಎಂದು ಸಿಡುಕಿ ನಿಂತ ಆ ಹತ್ತು ನಿಮಿಷದಲ್ಲಿ ಬಂದವೇ ಕೊನೆಗೆ ಉಳಿದದ್ದು.

ಮನೆಯಲ್ಲಿ ತಿದ್ದಿದ್ದು ಕಡಿಮೆ. ಹಣೆಗೆ ಅಂಟಿದ ಕೂದಲು ತೆಗೆದೆ, ಅಂದು ಎದ್ದಿದ್ದ ಮೊಡವೆ ತೆಗೆದೆ. ಹದಿನೈದು ದಿನಕ್ಕೆ ಹೋಗುವುದನ್ನು ತೆಗೆಯಬಹುದು, ಹುಟ್ಟಿನಿಂದ ಬಂದದ್ದನ್ನು ಮುಟ್ಟುವ ಹಾಗಿಲ್ಲ ಎಂಬುದು ಅಪ್ಪ-ಮಗಳ ಒಪ್ಪಂದ. ಇಯರ್‌ಬುಕ್ಕಿಗೆ ಇನ್ನೂ ಗಡುವಿತ್ತು. ಸ್ಟುಡಿಯೋಗೆ ಬರೆದು ತಿದ್ದದ ಪ್ರತಿ ಕೇಳಿದೆ, ಎರಡನೇ ಮೇಲ್‌ಗೆ ಕಳಿಸಿದರು.

ಸೀರೆಯ ಫೋಟೋವನ್ನು ಊರಿಗೆ ವಾಟ್ಸ್ಆ್ಯಪ್ ಮಾಡಿದೆ. ಅವ್ವನಿಗೆ ಮಚ್ಚೆ, ಬೆಳಕು ಯಾವುದೂ ಕಾಣಲಿಲ್ಲ. "ಫೋಟೋ ಛಲೋ ಐತಿ. ನಿರಿಗಿ ಯಾಕ ಅಷ್ಟ ಮ್ಯಾಲ ಎತ್ಯಾಳ? ಬೂಟ್ ಕಾಣ್ತಾವು ನೋಡು" ಅಂದಳು.