ಧಾರವಾಡದ ಮಳೆಗಾಲದಲ್ಲೂ ಅಲುಗದ ಫೋಟೊಡಯೋಡ್ ಆಂಪ್ಲಿಫೈಯರ್

ಬೆಳಕನ್ನು ಕರೆಂಟಾಗಿಸುವ ಬಿಪಿಡಬ್ಲ್ಯೂ34 ಫೋಟೊಡಯೋಡ್ ಮಂದ ಬೆಳಕಿನಲ್ಲಿ ಕೊಡುವ ಕರೆಂಟು ನ್ಯಾನೋಆಂಪ್‌ಗಳಲ್ಲಿ. ಅದನ್ನು ಆಪ್-ಆಂಪ್ ಎಂಬ ಆಂಪ್ಲಿಫೈಯರ್ ಚಿಪ್ಪಿನ ಮೈನಸ್ ಇನ್‌ಪುಟ್ ಕಾಲಿಗೆ ಕೊಟ್ಟು, ಔಟ್‌ಪುಟ್‌ನಿಂದ ಅದೇ ಕಾಲಿಗೆ 10 ಮೆಗಾಓಮ್ ರೆಸಿಸ್ಟರ್ ಹಚ್ಚಿದರೆ 100 ನ್ಯಾನೋಆಂಪ್‌ಗೆ 1 ವೋಲ್ಟ್. ಲೆಕ್ಕ ಇಷ್ಟೇ, ಪೇಚಾಟವೆಲ್ಲ ಆ ಮೈನಸ್ ಕಾಲಿನದು.

ಹುಬ್ಬಳ್ಳಿಯ ಅಂಗಡಿಯಲ್ಲಿ ಆಪ್-ಆಂಪ್ ಕೇಳಿದರೆ ಎಲ್‌ಎಂ358 ಕೈಗಿಡುತ್ತಾರೆ. ಅದರ ಬಯಾಸ್ ಕರೆಂಟೇ (ಇನ್‌ಪುಟ್ ಕಾಲಿನಲ್ಲಿ ತಾನಾಗಿ ಹರಿಯುವ ಕರೆಂಟು) 20ರಿಂದ 45 ನ್ಯಾನೋಆಂಪ್, ಅಂದರೆ ಕತ್ತಲಲ್ಲೇ 0.2 ವೋಲ್ಟಿಗಿಂತ ಹೆಚ್ಚು ತಪ್ಪು. ಬಯಾಸ್ ಕರೆಂಟು ಸುಮಾರು 1 ಪಿಕೋಆಂಪ್ (ನ್ಯಾನೋಆಂಪಿನ ಸಾವಿರದಲ್ಲೊಂದು) ಇರುವ ಎಂಸಿಪಿ6002 ತನ್ನಿ; ಇದರಲ್ಲಿ ಎರಡು ಆಪ್-ಆಂಪ್‌ಗಳಿವೆ. ಸಪ್ಲೈ 5 ವೋಲ್ಟ್, 6 ದಾಟಬಾರದು.

8ನೇ ಕಾಲಿಗೆ 5 ವೋಲ್ಟ್, 4ಕ್ಕೆ ಗ್ರೌಂಡ್, ಇವೆರಡರ ನಡುವೆ 0.1 ಮೈಕ್ರೋಫ್ಯಾರಡ್. ಸಪ್ಲೈಯಿಂದ 4.7 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 100 ಓಮ್ ಹಾಕಿ, ನಡುವಿನ 0.1 ವೋಲ್ಟನ್ನು 3ನೇ ಕಾಲಿಗೂ (ಪ್ಲಸ್ ಇನ್‌ಪುಟ್) ಡಯೋಡಿನ ಆನೋಡಿಗೂ ಕೊಡಿ. ಔಟ್‌ಪುಟ್ ಪೂರ್ತಿ ಸೊನ್ನೆಗೆ ಇಳಿಯಲಾರದು, ಅದಕ್ಕೇ ಈ ಏರಿಕೆ. ಕ್ಯಾಥೋಡ್ 2ಕ್ಕೆ (ಇದೇ ಮೈನಸ್ ಕಾಲು), ಉಲ್ಟಾ ಹಾಕಿದರೆ ಬೆಳಕು ಬಿದ್ದಂತೆ ಔಟ್‌ಪುಟ್ ತಳ ಹಿಡಿಯುತ್ತದೆ. 1 (ಔಟ್‌ಪುಟ್) ಮತ್ತು 2ರ ನಡುವೆ 10 ಮೆಗಾಓಮ್, ಅದಕ್ಕೆ ಸಮಾಂತರವಾಗಿ 10 ಪಿಕೋಫ್ಯಾರಡ್. ಈ ಕೆಪ್ಯಾಸಿಟರ್ ಬಿಟ್ಟರೆ ಡಯೋಡಿನದೇ 70 ಪಿಕೋಫ್ಯಾರಡ್ ಸೇರಿ ಸರ್ಕ್ಯೂಟ್ ಆಸಿಲೇಟ್ ಆಗಬಹುದು, ಅಂದರೆ ಔಟ್‌ಪುಟ್ ತಾನೇ ಏರಿಳಿಯತೊಡಗಬಹುದು. ಹಾಕಿದರೆ ವೇಗ 1.6 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ. ಬಳಸದೆ ಉಳಿದ ಎರಡನೇ ಆಪ್-ಆಂಪಿನ 6 ಮತ್ತು 7ನೇ ಕಾಲು ಜೋಡಿಸಿ, 5ನ್ನು 0.1 ವೋಲ್ಟಿಗೆ ಕಟ್ಟಿ.

ಬ್ರೆಡ್‌ಬೋರ್ಡ್ ಬೇಡವೇ ಬೇಡ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೋರ್ಡಿನ ಮೇಲಿನ ಫ್ಲಕ್ಸ್ (ಬೆಸುಗೆಯಲ್ಲಿ ಉಳಿಯುವ ಅಂಟು) ಮತ್ತು ಧೂಳು ತೇವ ಹೀರುತ್ತವೆ. ಸಪ್ಲೈ ಗೆರೆಯಿಂದ 2ನೇ ಕಾಲಿಗೆ 1 ಗಿಗಾಓಮ್ ಸೋರಿಕೆಯಿದ್ದರೂ ಸುಮಾರು 5 ನ್ಯಾನೋಆಂಪ್ ಹರಿದು, 50 ಮಿಲಿವೋಲ್ಟ್ ತಪ್ಪು. ಹಾಗಾಗಿ 2ನೇ ಕಾಲನ್ನು ಮೇಲಕ್ಕೆ ಬಗ್ಗಿಸಿ, ರೆಸಿಸ್ಟರ್, ಕೆಪ್ಯಾಸಿಟರ್, ಕ್ಯಾಥೋಡ್ ಮೂರನ್ನೂ ಗಾಳಿಯಲ್ಲೇ ಬೆಸೆಯಿರಿ. ನೋಡಲು ಚೆಂದವಿರುವುದಿಲ್ಲ, ಇರಲಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ. ಆಮೇಲೆ ಬೆರಳು ತಾಗಿಸಬೇಡಿ.

ಡಯೋಡನ್ನು ದೂರವಿಟ್ಟು ಉದ್ದ ಕೇಬಲ್ ಎಳೆದರೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಸೇರಿ ನಾಯ್ಸ್ ಏರುತ್ತದೆ. ಆಂಪ್ಲಿಫೈಯರನ್ನೇ ಡಯೋಡಿನ ಬಳಿ, ಗ್ರೌಂಡಿಗೆ ಜೋಡಿಸಿದ ತಗಡಿನ ಡಬ್ಬಿಯಲ್ಲಿಡಿ.

ಪರೀಕ್ಷೆಗೆ ಡಬ್ಬಿಯ ಬೆಳಕಿನ ಕಿಂಡಿಗೆ ಹೊರಗಿನಿಂದ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ. ಕೆಲವು ಕಪ್ಪು ಪ್ಲಾಸ್ಟಿಕ್‌ಗಳು ಇನ್‌ಫ್ರಾರೆಡ್ ಬಿಡುತ್ತವೆ, ಟೇಪನ್ನು ನಂಬಬೇಡಿ. 0.1 ವೋಲ್ಟಿನ ಆಸುಪಾಸು ಕಾಣಬೇಕು. ಬೆಳಕಿಗಿಟ್ಟಾಗ 5 ವೋಲ್ಟಿಗೆ ಅಂಟಿಕೊಂಡರೆ 0.5 ಮೈಕ್ರೋಆಂಪ್ ದಾಟಿದೆ; ರೆಸಿಸ್ಟರನ್ನು 1 ಮೆಗಾಓಮ್‌ಗೆ ಇಳಿಸಿ. ಸ್ಕೋಪಿನಲ್ಲಿ 100 ಹರ್ಟ್ಜ್ ಅಲೆ ಕಂಡರೆ ಅದು ಟ್ಯೂಬ್‌ಲೈಟಿನ ಮಿಣುಕು, 50 ಕಂಡರೆ ಅದು ಮನೆಯ ಕರೆಂಟಿನ ಗುಂಯ್‌ಗುಡುವಿಕೆ, ಡಬ್ಬಿಯ ಗ್ರೌಂಡ್ ಬಿಟ್ಟಿದೆಯೇ ನೋಡಿ.