ಹಿಂದಿನ ಜೇಬಿಗೆ ಕೈ ಹಾಕಿ: ಆಟಗಾರರ ಭುಜದ ಸ್ಕ್ಯಾನ್ ಹೀಗಿರಬೇಕು

ಅಲ್ಟ್ರಾಸೌಂಡ್ ಯಂತ್ರದಲ್ಲಿ ಮೈಮೇಲೆ ಇಟ್ಟು ನೋಡುವ ಹಿಡಿಕೆಗೆ ಪ್ರೋಬ್ ಅನ್ನುತ್ತಾರೆ. ಹೊಟ್ಟೆ ನೋಡುವ ಪ್ರೋಬನ್ನೇ ಭುಜದ ಮೇಲಿಟ್ಟು ಬರೆದ ರಿಪೋರ್ಟುಗಳು ತಿಂಗಳಿಗೆ ಎರಡು ಮೂರಾದರೂ ನನ್ನ ಮುಂದೆ ಬರುತ್ತವೆ. ಜೊತೆಗೆ ಮುಖ ಸಪ್ಪಗೆ ಮಾಡಿಕೊಂಡ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಶಟಲ್, ವಾಲಿಬಾಲ್, ಜಾವೆಲಿನ್, ಈಜು, ಫಾಸ್ಟ್ ಬೌಲಿಂಗ್, ಒಟ್ಟಿನಲ್ಲಿ ತಲೆಯ ಮೇಲಿಂದ ಕೈ ಬೀಸುವ ಆಟ. ಪಕ್ಕದಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದ ಅಪ್ಪ. 'ಹರಿದಿದೆಯಂತೆ ಡಾಕ್ಟ್ರೇ, ಆಟ ಬಿಡಿಸಿಬಿಟ್ವಿ' ಅನ್ನುತ್ತಾರೆ. ಮತ್ತೆ ನೋಡಿದರೆ ಎಷ್ಟೋ ಸಲ ಏನೂ ಹರಿದಿರುವುದಿಲ್ಲ. ಮೊದಲ ಸಲ ಪ್ರೋಬ್ ಹಿಡಿದ ಕೈ ಸೊಟ್ಟಗಿತ್ತು, ಅಷ್ಟೇ.

ಭುಜದ ಅಲ್ಟ್ರಾಸೌಂಡ್ ಎಕ್ಸ್‌ರೇ ಥರ ಒಂದು ಕ್ಲಿಕ್ಕಿಗೆ ಮುಗಿಯುವುದಿಲ್ಲ. ಮಾಡುವವರ ಕೈಯೂ ಮಾಡಿಸಿಕೊಳ್ಳುವವರ ಕೈಯೂ ಸರಿಯಾದ ಜಾಗಕ್ಕೆ ಬರಬೇಕು. ಹಾಗಾಗಿ ಇದರ ಕ್ರಮ ಆಟಗಾರರಿಗೂ ಕೋಚ್‌ಗಳಿಗೂ ಗೊತ್ತಿದ್ದರೆ ಒಳ್ಳೆಯದು.

ಮನೆ ಬಿಡುವ ಮುಂಚೆ

ಸೆಂಟರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಭುಜ, ಮಂಡಿ ಸ್ಕ್ಯಾನ್ ದಿನಾ ಮಾಡುವ ಡಾಕ್ಟ್ರು ಇದ್ದಾರಾ? ಲೀನಿಯರ್ ಪ್ರೋಬ್ ಇದೆಯಾ? ಲೀನಿಯರ್ ಅಂದರೆ ಚಪ್ಪಟೆ ಮೂತಿಯದು. 12 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಹೊಟ್ಟೆಯ ಪ್ರೋಬ್‌ದು ಉಬ್ಬು ಮೂತಿ, 2ರಿಂದ 5 ಮೆಗಾಹರ್ಟ್ಸ್. ಅದು ಆಳಕ್ಕೆ ಇಳಿಯುತ್ತದೆ, ಆದರೆ ಚರ್ಮದ ಕೆಳಗೇ ಇರುವ ಸಣ್ಣ ಎಳೆಗಳನ್ನು ಬಿಡಿಸಿ ತೋರಿಸುವುದಿಲ್ಲ.

ಊಟ ಬಿಡಬೇಕಿಲ್ಲ. ಲೀಟರುಗಟ್ಟಲೆ ನೀರು ಕುಡಿದು ಒದ್ದಾಡುತ್ತಾ ಬರುವುದೂ ಬೇಡ, ಅದು ಬೇರೆ ಸ್ಕ್ಯಾನಿಗೆ. ತೋಳಿಲ್ಲದ ಬನಿಯನ್ ಹಾಕಿಕೊಳ್ಳಿ. ಭುಜಕ್ಕೆ ಅಂಟಿಸಿಕೊಂಡ ಬಣ್ಣಬಣ್ಣದ ಅಂಟುಪಟ್ಟಿ ಕಿತ್ತು ಬನ್ನಿ. ಅದರಡಿ ಗಾಳಿ ಸಿಕ್ಕಿಕೊಂಡರೆ ಶಬ್ದದ ಅಲೆ ಒಳಗೇ ಹೋಗುವುದಿಲ್ಲ. ನನ್ನನ್ನು ಕೇಳಿದರೆ ಆ ಪಟ್ಟಿಯ ದುಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಕೊಂಡು ವ್ಯಾಯಾಮ ಮಾಡುವುದು ವಾಸಿ. ಡಾಕ್ಟ್ರು ಕಡ್ಡಾಯ ಅಂದಿಲ್ಲವಾದರೆ ಆ ಬೆಳಿಗ್ಗೆ ನೋವಿನ ಮಾತ್ರೆಯೂ ಬೇಡ. ಎಲ್ಲಿ ನೋಯುತ್ತದೆ ಅಂತ ನೀವು ತೋರಿಸಬೇಕು. ನೋವೇ ಮಲಗಿದ್ದರೆ ನಾನು ಹುಡುಕುವುದೇನನ್ನು?

ಕೈ ಹಿಂದಕ್ಕೆ ಎಳೆದಾಗ ನೋಯುತ್ತಾ, ಚೆಂಡು ಬಿಟ್ಟ ಮೇಲಾ, ರಾತ್ರಿ ಆ ಮಗ್ಗುಲಿಗೆ ಮಲಗಿದಾಗಲಾ ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ.

'ಯಂತ್ರವನ್ನೇ ಮೈದಾನಕ್ಕೆ ತರಬಾರದಾ ಸಾರ್?' ಅಂತ ಕೋಚ್‌ಗಳು ಕೇಳುತ್ತಾರೆ. ಸ್ಕ್ಯಾನಿಂಗ್ ರೂಮಿನ ಗೋಡೆಯಲ್ಲಿ 'ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಬೋರ್ಡ್ ನೋಡಿರುತ್ತೀರಿ. 1994ರ ಆ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿಯಾಗಬೇಕು, ಹೊತ್ತೊಯ್ಯುವ ಯಂತ್ರಗಳಿಗೆ ನಿಯಮ ಇನ್ನೂ ಬಿಗಿ. ಭುಜ ನೋಡುವ ಯಂತ್ರಕ್ಕೂ ವಿನಾಯಿತಿ ಇಲ್ಲ. ಕಾಯ್ದೆ ಬೇಕೇಬೇಕಿತ್ತು, ತಕರಾರಿಲ್ಲ. ಆದರೆ ಬೌಂಡರಿ ಗೆರೆಯ ಪಕ್ಕ ಕೂತು ಸ್ಕ್ಯಾನ್ ಮಾಡುವ ಆಸೆ ಬಿಡಿ.

ಸ್ಟೂಲ್ ಮೇಲೆ

ಮಂಚದ ಮೇಲೆ ಮಲಗಿಸಿದರೆ ಕೂರುತ್ತೇನೆ ಅನ್ನಿ. ಬೆನ್ನಾನಿಕೆ ಇಲ್ಲದ, ತಿರುಗುವ ಸ್ಟೂಲೇ ಇದಕ್ಕೆ ಸರಿ.

ಮೊದಲು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ. ಮುಂಭಾಗದ ಮೂಳೆಯ ಸಂದಿನಲ್ಲಿ ಬೈಸೆಪ್ಸ್‌ನ ಉದ್ದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಕಾಣುತ್ತದೆ. ಅದು ಸಂದಿನಲ್ಲೇ ಕೂತಿದೆಯಾ, ಸುತ್ತ ನೀರಿದೆಯಾ ನೋಡುವುದು. ಆಮೇಲೆ ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈ ಹೊರಕ್ಕೆ ತಿರುಗಿಸಿದರೆ ಭುಜದ ಮುಂಬದಿಯ ಸ್ನಾಯು ಸಬ್‌ಸ್ಕ್ಯಾಪುಲಾರಿಸ್ ಹೊರಬರುತ್ತದೆ. ಇಷ್ಟು ಎಲ್ಲರೂ ಸರಿಯಾಗೇ ಮಾಡುತ್ತಾರೆ.

ಎಡವುವುದು ಇಲ್ಲಿ

ಭುಜದ ಗುಂಡನ್ನು ಸುತ್ತ ಹಿಡಿದುಕೊಂಡ ನಾಲ್ಕು ಸ್ನಾಯುಗಳಿಗೆ ಒಟ್ಟಾಗಿ ರೋಟೇಟರ್ ಕಫ್ ಅನ್ನುತ್ತಾರೆ. ಅವುಗಳಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಕೈ ಸುಮ್ನೆ ಇಳಿಬಿಟ್ಟಾಗ ಅದರ ಟೆಂಡನ್ ಭುಜದ ತುದಿಮೂಳೆಯ ಸೂರಿನಡಿ ಅವಿತುಕೊಂಡಿರುತ್ತದೆ. ಶಬ್ದ ಮೂಳೆ ದಾಟುವುದಿಲ್ಲ. ಹಾಗಾಗಿ ಟೆಂಡನ್ನನ್ನೇ ಸೂರಿನಿಂದ ಈಚೆಗೆ ಎಳೆಯಬೇಕು.

ಉಪಾಯ ಸುಲಭ: ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸ್ ತೆಗೆಯುವ ಹಾಗೆ ಅಂಗೈಯನ್ನು ಅದೇ ಕಡೆಯ ಜೇಬಿನ ಮೇಲಿಡಿ. ಮೊಣಕೈ ನೇರ ಹಿಂದಕ್ಕಿರಬೇಕು, ಮೈಗೆ ಹತ್ತಿರ ಇರಬೇಕು. ಹೆಚ್ಚಿನವರು ಮೊಣಕೈಯನ್ನು ಕೋಳಿ ರೆಕ್ಕೆಯ ಹಾಗೆ ಹೊರಕ್ಕೆ ಅಗಲಿಸುತ್ತಾರೆ. ಆಗ ಟೆಂಡನ್ ತಿರುಚಿಕೊಂಡು ಪ್ರೋಬಿಗೆ ಅಡ್ಡಡ್ಡ ಆಗುತ್ತದೆ. ಎಸೆಯುವ ಕೈ ಒಳಮುಖ ತಿರುಗುವುದು ಮೊದಲೇ ಕಡಿಮೆ, ಬೌಲರ್‌ಗಳಿಗಂತೂ ಇದು ಕಷ್ಟ. ಅವಸರ ಬೇಡ, ನಿಧಾನಕ್ಕೆ ತನ್ನಿ.

ಆರೋಗ್ಯವಾದ ಟೆಂಡನ್ ಪರದೆಯ ಮೇಲೆ ಹಕ್ಕಿಯ ಕೊಕ್ಕಿನಂತೆ ಕಾಣುತ್ತದೆ. ಒಳಗೆ ಬಾಳೆನಾರಿನ ಹಾಗೆ ಬಿಳಿ ಎಳೆಗಳು ಒತ್ತೊತ್ತಾಗಿ ಇರುತ್ತವೆ. ಮೋಸ ಆಗುವುದೂ ಈ ಎಳೆಗಳಿಂದಲೇ. ಎರಡು ಬಣ್ಣದ ರೇಷ್ಮೆ ಸೀರೆಯನ್ನು ಸ್ವಲ್ಪ ಓರೆ ಮಾಡಿದರೆ ಬಣ್ಣವೇ ಬದಲಾಗುತ್ತಲ್ವಾ? ಹಾಗೇ, ಶಬ್ದದ ಅಲೆ ಎಳೆಗಳಿಗೆ ನೇರ ಬಡಿದರೆ ಬಿಳಿ, ಕೆಲವೇ ಡಿಗ್ರಿ ಓರೆಯಾದರೂ ಕಪ್ಪು. ಟೆಂಡನ್ ಮೂಳೆಗೆ ಅಂಟುವ ತುದಿಯಲ್ಲಿ ಎಳೆಗಳು ಕೆಳಕ್ಕೆ ಬಾಗುತ್ತವೆ. ಅಲ್ಲಿ ಕಪ್ಪು ಕಲೆ ಬಂದೇ ಬರುತ್ತದೆ. ಅದನ್ನು 'ಹರಿದಿದೆ' ಅಂತ ಬರೆದ ರಿಪೋರ್ಟಿನ ಮೇಲೆ ಎಷ್ಟು ಮಕ್ಕಳ ಸೀಸನ್ ಹೋಯಿತೋ.

ಗುರುತಿಸುವುದು ಹೇಗೆ? ಪ್ರೋಬನ್ನು ಇದ್ದಲ್ಲೇ ತೊಟ್ಟಿಲಿನಂತೆ ಆ ತುದಿ ಈ ತುದಿ ಮೆಲ್ಲಗೆ ಒತ್ತಬೇಕು. ಕಪ್ಪು ತುಂಬಿಕೊಂಡು ಬಿಳಿಯಾದರೆ ಅದು ಹರಿದದ್ದಲ್ಲ. ಎಷ್ಟು ಆಡಿಸಿದರೂ ಕಪ್ಪಾಗೇ ಉಳಿದು, ಪ್ರೋಬನ್ನು ಅಡ್ಡ ತಿರುಗಿಸಿ ನೋಡಿದಾಗಲೂ ಅದೇ ಜಾಗದಲ್ಲಿ ಕಂಡರೆ ಮಾತ್ರ ಅನುಮಾನ ಪಡಿ. ಕೊನೆಗೆ ಸ್ವಲ್ಪ ಅದುಮಿ ನೋಡಬೇಕು. ಪೂರ್ತಿ ಹರಿದಿದ್ದರೆ ಮೇಲಿನ ಸ್ನಾಯು ಆ ಗುಂಡಿಯೊಳಕ್ಕೆ ಕುಸಿಯುತ್ತದೆ.

ಇನ್ನೊಂದು. ಮುಂದಿನ ಅರ್ಧ ನೋಡಿ ಪ್ರೋಬ್ ಎತ್ತಿಬಿಡುವವರಿದ್ದಾರೆ. ಆಟಗಾರರಲ್ಲಿ ಹಾಗೆ ಮಾಡಲೇಬಾರದು. ಎಸೆಯಲು ಕೈ ಹಿಂದಕ್ಕೆ ಎಳೆದಾಗ ಟೆಂಡನ್‌ನ ಒಳಮೈ ತೋಳಿನ ಮೂಳೆಗೂ ಕೀಲಿನ ಬಟ್ಟಲ ಹಿಂಬದಿಯ ಅಂಚಿಗೂ ನಡುವೆ ಸಿಕ್ಕಿ ಉಜ್ಜುತ್ತದೆ. ಅದಕ್ಕೇ ಇವರಲ್ಲಿ ಸವೆಯುವುದು ಹಿಂದೆ, ಸುಪ್ರಾಸ್ಪೈನೇಟಸ್ ಮತ್ತು ಅದರ ಹಿಂದಿನ ಕಫ್ ಸ್ನಾಯು ಇನ್‌ಫ್ರಾಸ್ಪೈನೇಟಸ್ ಸೇರುವ ಜಾಗದಲ್ಲಿ, ಅದೂ ಕೆಳಮೈಯಲ್ಲಿ. ಅಲ್ಲಿವರೆಗೂ ಪ್ರೋಬ್ ಹೋಗಲೇಬೇಕು.

ಕೈ ಎತ್ತಿಸಿ ನೋಡಿದರಾ?

ಕೈ ಪಕ್ಕಕ್ಕೆ ಎತ್ತುತ್ತಿರುವಾಗಲೇ ಸೂರಿನ ಅಂಚಿನಲ್ಲಿ ಪ್ರೋಬ್ ಇಟ್ಟು ನೋಡಬೇಕು. ಅಲ್ಟ್ರಾಸೌಂಡಿಗೆ ಎಂಆರ್‌ಐಗಿಂತ ಜಾಸ್ತಿ ಉಪಯೋಗ ಇರುವುದೇ ಇಲ್ಲಿ. ಟೆಂಡನ್ ಮೇಲೆ ಬರ್ಸಾ ಎಂಬ ತೆಳು ಚೀಲವಿದೆ, ಸಾಮಾನ್ಯವಾಗಿ 2 ಮಿಲಿಮೀಟರ್ ಒಳಗೆ. ಅದು ಊದಿದ್ದರೆ ಕೈ ಎತ್ತಿದಾಗ ಸೂರಿಗೆ ತಾಗಿ ಮುದುಡಿ ಗುಪ್ಪೆಯಾಗುತ್ತದೆ, ಆಟಗಾರ ಆಗಲೇ ಹಾ ಅನ್ನುತ್ತಾನೆ. ಇದರ ವಿಡಿಯೊ ಕೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಕಾಗದದ ಪ್ರಿಂಟ್ ನನಗಂತೂ ಉಪಯೋಗಕ್ಕೆ ಬರುವುದಿಲ್ಲ.

ವಾಲಿಬಾಲ್ ಆಟಗಾರರು ಕೈಯನ್ನು ಎದುರು ಭುಜದ ಮೇಲಿಟ್ಟು ಬೆನ್ನ ಕಡೆಯನ್ನೂ ನೋಡಿಸಿ. ಹೆಗಲಮೂಳೆಯ ಹಿಂದಿನ ಸಂದಿನಲ್ಲಿ ಒಂದು ನರ ಹಾದುಹೋಗುತ್ತದೆ. ಪದೇ ಪದೇ ಸ್ಪೈಕ್ ಹೊಡೆದು ಅದು ಎಳೆದಾಡಿಸಿಕೊಂಡರೆ, ಅಥವಾ ಪಕ್ಕದಲ್ಲಿ ನೀರುಗುಳ್ಳೆ ಎದ್ದು ಒತ್ತಿದರೆ, ಇನ್‌ಫ್ರಾಸ್ಪೈನೇಟಸ್ ಸೊರಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಕನ್ನಡಿಗೆ ಬೆನ್ನು ಹಾಕಿ ನಿಂತರೆ ಒಂದು ಕಡೆ ಗುಳಿ ಕಾಣುತ್ತದೆ.

ಇನ್ನೊಂದು ಭುಜ

ನೋವಿಲ್ಲದ ಭುಜವನ್ನೂ ಅದೇ ದಿನ ನೋಡಲೇಬೇಕು. ಐದು ನಿಮಿಷ ಉಳಿಸಲು ಇದನ್ನು ಬಿಡುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೋವೇ ಇಲ್ಲದ ಮೇಲ್ಮಟ್ಟದ 20 ಆಟಗಾರರಿಗೆ ಎಂಆರ್‌ಐ ಮಾಡಿದರು. ಆಡುವ ಕೈಯ ಭುಜದಲ್ಲಿ 8 ಜನರಿಗೆ ಕಫ್ ಹರಿದ ಲಕ್ಷಣ ಇತ್ತು, ಇನ್ನೊಂದು ಭುಜದಲ್ಲಿ ಒಬ್ಬರಿಗೂ ಇರಲಿಲ್ಲ. ಅಂದರೆ 'ಸ್ವಲ್ಪ ಹರಿದಿದೆ' ಎಂಬ ಸಾಲು ಓದಿದ ತಕ್ಷಣ ರಾಕೆಟ್ ಅಟ್ಟಕ್ಕೆ ಹಾಕಬೇಕಿಲ್ಲ. ನೋವಿನ ಜಾಗವೂ ಕಲೆಯ ಜಾಗವೂ ಒಂದೇನಾ ಅಂತ ಕೇಳಿ. ನಮ್ಮ ಜಾವಗಲ್ ಶ್ರೀನಾಥ್ 1997ರಲ್ಲಿ ರೋಟೇಟರ್ ಕಫ್ ಗಾಯದಿಂದಲೇ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು, ಶಸ್ತ್ರಚಿಕಿತ್ಸೆಯೂ ಆಯಿತು. ಆಮೇಲೆ 2003ರ ವಿಶ್ವಕಪ್ ಫೈನಲ್‌ವರೆಗೂ ಬೌಲ್ ಮಾಡಿದರು.

ಕೀಲಿನ ಬಟ್ಟಲ ಅಂಚಿಗೆ ಬಳೆಯಂತೆ ಇರುವ ಮೆದುಮೂಳೆ, ಅಂದರೆ ಲ್ಯಾಬ್ರಮ್, ಹರಿದಿದೆಯಾ ಅಂತ ಅಲ್ಟ್ರಾಸೌಂಡ್‌ನಲ್ಲಿ ಖಚಿತವಾಗಿ ಹೇಳಲಾಗದು. ಕೈ ಎಳೆದಾಗ ಒಳಗೆ 'ಟಕ್' ಅನ್ನುತ್ತಿದ್ದರೆ, ಭುಜ ಜಾರಿದಂತಾಗುತ್ತಿದ್ದರೆ, ಕೀಲಿಗೆ ಬಣ್ಣದ ಔಷಧಿ ಬಿಟ್ಟು ಮಾಡುವ ಎಂಆರ್‌ಐ ಬಗ್ಗೆ ಡಾಕ್ಟ್ರನ್ನು ಕೇಳಿ.

ಸ್ಕ್ಯಾನ್ ಮುಗಿಯುತ್ತಿದ್ದಂತೆ 'ಇಲ್ಲೇ ಒಂದು ಇಂಜೆಕ್ಷನ್ ಹಾಕಿಬಿಡಲಾ?' ಅಂತ ಕೇಳುವವರೂ ಇದ್ದಾರೆ. ಬರ್ಸಾಕ್ಕೆ ಸ್ಟಿರಾಯ್ಡ್ ಹಾಕುವುದಕ್ಕೆ ಜಾಗ ಇದೆ, ಆದರೆ ಟೆಂಡನ್ನಿಗೇ ಚುಚ್ಚಿದರೆ ಅದು ದುರ್ಬಲವಾಗುತ್ತದೆ. ಇನ್ನೂ ಒಂದು ತೊಡಕಿದೆ. 2022ರ ಜನವರಿ 1ರಿಂದ ವಿಶ್ವ ಉದ್ದೀಪನ ತಡೆ ಸಂಸ್ಥೆಯ ನಿಯಮದ ಪ್ರಕಾರ, ಪಂದ್ಯದ ಅವಧಿಯಲ್ಲಿ ಈ ಸ್ಟಿರಾಯ್ಡನ್ನು ಇಂಜೆಕ್ಷನ್ ರೂಪದಲ್ಲಿ ಎಲ್ಲಿಗೆ ತೆಗೆದುಕೊಂಡರೂ ನಿಷಿದ್ಧ, ಕೀಲಿಗಾದರೂ ಸರಿ. ಟೂರ್ನಿ ಹತ್ತಿರವಿದ್ದರೆ ಸೂಜಿಗೆ ಭುಜ ಕೊಡುವ ಮುಂಚೆ ತಂಡದ ಡಾಕ್ಟರಿಗೆ ಒಂದು ಫೋನ್ ಮಾಡಿ.